ಎಂಟು ವರ್ಷದ ಲೆಕ್ಕ

ಪುಸ್ತಕದಂಗಡಿಗೆ ಹೋದ್ರೆ ಈಗ ಸೆಕೆಂಡ್ ಚಾನ್ಸ್ ರೊಮ್ಯಾನ್ಸ್ ಅಂತ ಒಂದು ಸಾಲೇ ಇರುತ್ತೆ. ಹದಿಹರೆಯದಲ್ಲಿ ಪ್ರೀತಿ ಮಾಡಿ ಬೇರೆ ಆದೋರು ಎಷ್ಟೋ ವರ್ಷ ಆದ್ಮೇಲೆ ಯಾವುದೋ ಮದುವೆಮನೇಲೋ, ಊರಿಗೆ ವಾಪಸ್ ಬಂದಾಗ್ಲೋ ಎದುರಾಗ್ತಾರೆ, ಮೊದಲು ಮುಖ ತಿರುಗಿಸ್ತಾರೆ, ಆಮೇಲೆ ಒಂದಾಗ್ತಾರೆ. ಕೊನೆಗೆ ಏನಾಗುತ್ತೆ ಅಂತ ಮೊದಲ ಪುಟದಲ್ಲೇ ಗೊತ್ತಾಗಿರುತ್ತೆ, ಆದ್ರೂ ರಾತ್ರಿ ಎರಡು ಗಂಟೆ ತನಕ ಕೂತು ಓದ್ತೀವಿ. ಯಾಕೆ ಅನ್ನೋದೇ ನನ್ನನ್ನ ಬಹಳ ದಿನದಿಂದ ಕಾಡ್ತಿರೋ ಪ್ರಶ್ನೆ. ಅದಕ್ಕೋಸ್ಕರ ಇವತ್ತು ನಾನು ಆರಿಸ್ಕೊಂಡಿರೋದು ಈ ಸಾಲಿಗೆಲ್ಲ ಹಿರಿಯಕ್ಕನ ಥರ ಇರೋ ಒಂದು ಕಾದಂಬರಿ, ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಅವರ ‘ಪರ್ಸುಯೇಷನ್’.

ಇದು ಓದುಗರ ಕೈಗೆ ಬಂದಿದ್ದು 1817ರ ಡಿಸೆಂಬರಲ್ಲಿ, ಪುಸ್ತಕದ ಮೇಲೆ ಮಾತ್ರ 1818 ಅಂತ ಅಚ್ಚಾಗಿತ್ತು. ಅಷ್ಟೊತ್ತಿಗೆ ಬರೆದೋರು ತೀರಿಹೋಗಿ ಐದು ತಿಂಗಳಾಗಿತ್ತು, 41 ವರ್ಷ ಅಷ್ಟೇ. ಬದುಕಿರೋ ತನಕ ಅವರ ಹೆಸರು ಅವರ ಯಾವ ಪುಸ್ತಕದ ಮೇಲೂ ಬಂದಿರ್ಲಿಲ್ಲ, ಇದಕ್ಕೆ ಅಣ್ಣ ಹೆನ್ರಿ ಬರೆದ ಪರಿಚಯದಲ್ಲೇ ಇಂಥೋರು ಬರೆದಿದ್ದು ಅಂತ ಓದುಗರಿಗೆ ಮೊದಲ ಸಲ ಗೊತ್ತಾಗಿದ್ದು.

ಕಥೆ ಗೊತ್ತಿಲ್ಲದೋರಿಗೆ ಬೇಗ ಹೇಳಿಬಿಡ್ತೀನಿ. ಆ್ಯನ್ ಎಲಿಯಟ್, ಇಂಗ್ಲೆಂಡಿನ ಸಾಮರ್‌ಸೆಟ್ ಕಡೆಯ ದೊಡ್ಡಮನೆ ಹುಡುಗಿ, ತಾಯಿ ಇಲ್ಲ, ಅಪ್ಪನಿಗೆ ತನ್ನ ಮನೆತನ ಮತ್ತೆ ತನ್ನ ಮುಖ ಇವೆರಡರ ಮೇಲೇ ಧ್ಯಾನ. 1806ರ ಬೇಸಿಗೇಲಿ ಅಲ್ಲಿಗೆ ಫ್ರೆಡರಿಕ್ ವೆಂಟ್‌ವರ್ತ್ ಅನ್ನೋ ನೌಕಾಪಡೆಯ ಯುವಕ ಬರ್ತಾನೆ, ಅವನ ಅಣ್ಣ ಪಕ್ಕದ ಊರಲ್ಲಿ ಪಾದ್ರಿ. ಇವಳಿಗೆ 19. ಇಬ್ರೂ ಪ್ರೀತಿಸ್ತಾರೆ, ಮದುವೆ ಮಾತಾಗುತ್ತೆ. ಹುಡುಗನ ಹತ್ರ ದುಡ್ಡಿಲ್ಲ, ಹಡಗಿಲ್ಲ, ಬೆನ್ನಿಗೆ ನಿಲ್ಲೋ ದೊಡ್ಡೋರಿಲ್ಲ. ತಾಯಿ ಜಾಗದಲ್ಲಿ ನಿಂತು ನೋಡ್ಕೊಳ್ತಿದ್ದ ಲೇಡಿ ರಸೆಲ್ ಬೇಡ ಕಣಮ್ಮ ಅಂತಾರೆ, ಹುಡುಗಿ ಒಪ್ಪಿ ಸಂಬಂಧ ಬಿಡ್ತಾಳೆ. ಪರಿಚಯ ಶುರುವಾಗಿ ಮುಗಿದಿದ್ದು ಎಲ್ಲ ಕೆಲವೇ ತಿಂಗಳಲ್ಲಿ. ಅವನು ಕೋಪ ಮಾಡ್ಕೊಂಡು ಹಡಗು ಹತ್ತಿ ಹೋಗ್ತಾನೆ.

ಕಾದಂಬರಿ ಶುರುವಾಗೋದೇ 1814ರಲ್ಲಿ. ಅವಳಿಗೀಗ 27, ಆ ಕಾಲದ ಲೆಕ್ಕದಲ್ಲಿ ಮದುವೆ ವಯಸ್ಸು ಮೀರಿದ ಹಾಗೆ. ಮಧ್ಯದಲ್ಲಿ ಇನ್ನೊಂದು ಒಳ್ಳೆ ಸಂಬಂಧ ಬಂದಿತ್ತು, ಬೇಡ ಅಂದಿದ್ಲು, ಆ ಹುಡುಗ ಆಮೇಲೆ ಇವಳ ತಂಗೀನೇ ಮದುವೆ ಆದ. ಇತ್ತ ನೆಪೋಲಿಯನ್ ಸೋತು ಎಲ್ಬಾ ದ್ವೀಪ ಸೇರಿದ್ದ, ಯುದ್ಧ ನಿಂತಿತ್ತು, ಸಮುದ್ರದ ಮೇಲಿದ್ದ ಆಫೀಸರ್‌ಗಳೆಲ್ಲ ಕೈತುಂಬ ದುಡ್ಡಿಟ್ಕೊಂಡು ದಡಕ್ಕೆ ಬಂದು ಬಾಡಿಗೆಗೆ ಮನೆ ಹುಡುಕ್ತಿದ್ರು. ಇವಳ ಅಪ್ಪ ಸಾಲ ಮಾಡಿ ಮಾಡಿ ತಲೆತಲಾಂತರದ ಮನೇನ ಬಾಡಿಗೆಗೆ ಕೊಡೋ ಸ್ಥಿತಿಗೆ ಬಂದಿದ್ದ. ಆ ಮನೆಗೆ ಬಾಡಿಗೆಗೆ ಬಂದ ಅಡ್ಮಿರಲ್‌ನ ಹೆಂಡತಿ ಯಾರು ಅಂದ್ರೆ ವೆಂಟ್‌ವರ್ತ್‌ನ ಅಕ್ಕ. ನೋಡಿ, ಯುರೋಪಿನ ಯುದ್ಧ ಒಂದು ನಿಂತಿದ್ದಕ್ಕೆ ಇವರಿಬ್ರು ಮತ್ತೆ ಒಂದೇ ಊರಲ್ಲಿ. ಕಾಕತಾಳೀಯ ಅಂತ ಅನ್ಸೋದೇ ಇಲ್ಲ, ಅಷ್ಟು ಸಹಜವಾಗಿ ಕಟ್ಟಿದ್ದಾರೆ.

ಇಂಥ ಕಥೇಲಿ ನಾವೆಲ್ಲ ಕಾಯೋದು ಒಂದಾಗೋ ಗಳಿಗೆಗೆ. ನನಗೇನು ಅನ್ಸುತ್ತೆ ಅಂದ್ರೆ, ಕಣ್ಣಿಡಬೇಕಾಗಿರೋದು ನಡುವೆ ಕಳೆದುಹೋದ ವರ್ಷಗಳ ಮೇಲೆ. ಬರೆದೋರು ಆ ವರ್ಷಗಳನ್ನ ಹೇಗೆ ತೋರಿಸ್ತಾರೆ, ಅದನ್ನ ಯಾರ ಲೆಕ್ಕಕ್ಕೆ ಬರೀತಾರೆ, ಅದರ ಮೇಲೇ ಆ ಪುಸ್ತಕದ ತೂಕ ನಿಂತಿರುತ್ತೆ. ಎಷ್ಟೋ ಕಾದಂಬರಿಲಿ ಹತ್ತು ವರ್ಷ ಅಂತ ಬರೆದಿರ್ತಾರೆ, ಓದಿದ್ರೆ ಹತ್ತು ದಿನ ಆದ ಹಾಗಿರುತ್ತೆ, ಅದೇ ಹುಡುಗ ಅದೇ ಹುಡುಗಿ, ತಲೇಲಿ ಎರಡು ಬಿಳಿಕೂದಲು ಸೇರಿಸಿದ್ರೆ ಆಗೋಯ್ತು.

ಇಲ್ಲಿ ಹಾಗಿಲ್ಲ. ಎಂಟು ವರ್ಷ ಆದ್ಮೇಲೆ ಮೊದಲ ಭೇಟಿ ಹೇಗಿದೆ ಗೊತ್ತಾ, ತಂಗಿ ಮನೇಲಿ ಬೆಳಗಿನ ತಿಂಡಿ ಹೊತ್ತು, ಅವನು ಬರ್ತಾನೆ, ಒಂದು ತಲೆಬಾಗೋದು, ಇವಳೂ ಬಾಗೋದು, ಅರೆಕ್ಷಣ ಕಣ್ಣು ಸಿಕ್ಕ ಹಾಗಾಗುತ್ತೆ, ರೂಮಿನ ತುಂಬ ಜನ, ಮಾತು, ಒಂದೆರಡು ನಿಮಿಷದಲ್ಲಿ ಅವನು ಹೊರಟೂ ಹೋದ. ಮುಗೀತು ಮುಗೀತು ಅಂತ ಇವಳು ತನಗೆ ತಾನೇ ಹೇಳ್ಕೊಳ್ತಾಳೆ, ಅಷ್ಟೇ. ಆಮೇಲೆ ತಂಗಿ ಬಂದು, ಕ್ಯಾಪ್ಟನ್ ನಿನ್ನ ಬಗ್ಗೆ ಏನಂದ ಗೊತ್ತಾ, ಗುರುತೇ ಸಿಗದಷ್ಟು ಬದಲಾಗಿದ್ದಾಳೆ ಅಂದ, ಅಂತ ಹೇಳಿಬಿಡ್ತಾಳೆ. ಆ ತಂಗಿಗೆ ಹಳೇ ಕಥೆ ಒಂದೂ ಗೊತ್ತಿಲ್ಲ, ಅವಳಾಗ ಸ್ಕೂಲಲ್ಲಿದ್ಲು. ಆ್ಯನ್ ಒಬ್ಬಳೇ ಕೂತು ಆ ಮಾತನ್ನ ನುಂಗ್ಕೊಳ್ಬೇಕು. ಅವನು ಮಾತ್ರ ಮೊದಲಿಗಿಂತ ಚೆನ್ನಾಗಿ ಕಾಣ್ತಿದ್ದಾನೆ, ವರ್ಷಗಳು ಇವಳ ಹತ್ರ ಕಿತ್ಕೊಂಡಿದ್ದನ್ನ ಅವನಿಗೆ ಕೊಟ್ಟ ಹಾಗೆ.

ಇನ್ನೊಂದು ಜಾಗ ತೋರಿಸ್ತೀನಿ. ಮೊದಲ ಸಲ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಅವನು ಸಮುದ್ರದ ಕಥೆ ಹೇಳ್ತಿದ್ದಾನೆ, ಮನೆ ಹುಡುಗಿಯರು ನೌಕಾಪಡೆಯ ಪಟ್ಟಿ ಪುಸ್ತಕ ತೆಗೆದು ಅವನ ಹಡಗಿನ ಹೆಸರು ಹುಡುಕ್ತಿದ್ದಾರೆ, ಕ್ಯಾಪ್ಟನ್ ನಿಮ್ದು ಯಾವುದು ಅಂತ. ಆ ಪಟ್ಟಿ ಆ್ಯನ್‌ಗೆ ಹೊಸದಲ್ಲ. ಅವನು ಬದುಕಿದ್ದಾನೆ, ಮೇಲೆ ಬಂದಿದ್ದಾನೆ ಅಂತ ಇಷ್ಟು ವರ್ಷ ಅವಳಿಗೆ ಗೊತ್ತಾಗ್ತಿದ್ದಿದ್ದೇ ಆ ಪಟ್ಟಿ ಮತ್ತೆ ನ್ಯೂಸ್‌ಪೇಪರ್‌ನಿಂದ. ಅವನ ಮಾತಲ್ಲಿ ‘ಅದು ಆರನೇ ಇಸವೀಲಿ’ ಅಂತ ಬಂದುಬಿಡುತ್ತೆ, ಇನ್ನೊಂದ್ಸಲ ‘ಆರನೇ ಇಸವೀಲಿ ನಾನು ಸಮುದ್ರಕ್ಕೆ ಹೋಗೋ ಮುಂಚೆ’ ಅಂತ. ಧ್ವನಿ ನಡುಗಲ್ಲ, ಕಣ್ಣು ಇವಳ ಕಡೆ ತಿರುಗಲ್ಲ. ಆದ್ರೆ 1806 ಅಂದ್ರೆ ಏನು ಅಂತ ಆ ಟೇಬಲ್‌ನಲ್ಲಿ ಗೊತ್ತಿರೋದು ಇಬ್ರಿಗೆ ಮಾತ್ರ. ಅವನ ಮೊದಲ ಹಡಗು ಹಳೇದು, ಲಡ್ಡು ಹಿಡಿದಿದ್ದು. ದಡ ಮುಟ್ಟಿದ ಮೇಲೆ ನಾಲ್ಕು ದಿನ ಬಿರುಗಾಳಿ ಬೀಸ್ತು, ಒಂದು ದಿನ ತಡವಾಗಿದ್ರೆ ನಾನು ಪೇಪರ್‌ನ ಮೂಲೇಲಿ ಒಂದು ಸಣ್ಣ ಸುದ್ದಿ ಆಗ್ತಿದ್ದೆ ಅಂತಾನೆ. ಹುಡುಗಿಯರು ಅಯ್ಯೋ ಅಂತ ಕೂಗ್ತಾರೆ. ಆ್ಯನ್ ನಡುಗಿದ್ದು ಒಳಗೊಳಗೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗ್ತೀನಿ. ನಮ್ಮಲ್ಲೂ ಕಳೆದು ಸಿಕ್ಕಿದ ಪ್ರೀತಿ ಕಥೆಗಳಿಗೇನು ಬರ ಇಲ್ಲ. ಕನಕದಾಸರ ‘ನಳಚರಿತ್ರೆ’ನ ಹೈಸ್ಕೂಲಲ್ಲಿ ಒಂದೆರಡು ಪದ್ಯ ಆದ್ರೂ ಓದಿರ್ತೀರಿ, ಕಾಡಲ್ಲಿ ಬಿಟ್ಟುಹೋದ ನಳನ್ನ ಹೊರಗೆ ತರೋಕೆ ದಮಯಂತಿ ಎರಡ್ನೇ ಸ್ವಯಂವರ ಅಂತ ಸುದ್ದಿ ಹಬ್ಬಿಸ್ತಾಳೆ, ಅವನು ಬಾಹುಕ ಅನ್ನೋ ಹೆಸರಲ್ಲಿ ಸಾರಥಿಯಾಗಿ ರಥ ಓಡಿಸ್ಕೊಂಡು ಬರ್ತಾನೆ. ಅಲ್ಲಿ ತಪ್ಪು ಯಾರದ್ದು? ಕಲಿ ಹೊಕ್ಕಿದ್ದ. ಶಾಕುಂತಲದಲ್ಲಿ? ದೂರ್ವಾಸರ ಶಾಪ. ಇನ್ನೂ ಸ್ವಾರಸ್ಯ ಏನು ಅಂದ್ರೆ ಮಹಾಭಾರತದ ಮೂಲ ಕಥೇಲಿ ಶಾಪಾನೂ ಇಲ್ಲ, ಉಂಗುರಾನೂ ಇಲ್ಲ, ದುಷ್ಯಂತ ಗೊತ್ತಿದ್ದೂ ಗೊತ್ತಿಲ್ಲ ಅಂತಾನೆ. ಶಾಪ ತಂದು ಸೇರಿಸಿದ್ದು ಕಾಳಿದಾಸ, ರಾಜನ ಮೇಲೆ ಕಳಂಕ ಬರಬಾರದು ಅಂತ ಕಾಣುತ್ತೆ. ಶಾಪ ಇದ್ರೆ ಯಾರನ್ನೂ ಬೈಯೋ ಹಾಗಿಲ್ಲ, ಶಾಪ ಕಳೀತು, ಒಂದಾದ್ರು, ಕಣ್ಣೀರು ಒರೆಸ್ಕೊಂಡು ಎದ್ದು ಬರಬಹುದು.

ಆಸ್ಟೆನ್ ಅವರ ಕಥೇಲಿ ಶಾಪ ಕೊಡೋ ಋಷಿ ಇಲ್ಲ. ಇರೋದು ಹುಡುಗೀನ ಜೀವದಷ್ಟು ಪ್ರೀತಿಸೋ ಒಬ್ಬ ಹಿರಿಯ ಹೆಂಗಸು. ಲೇಡಿ ರಸೆಲ್ ಕೆಟ್ಟವರಲ್ಲ, ಇದನ್ನ ಒತ್ತಿ ಹೇಳ್ತೀನಿ. ಆ ಕಾಲದಲ್ಲಿ ನೌಕಾಪಡೆ ಆಫೀಸರ್ ದುಡ್ಡು ಮಾಡೋದು ಹೇಗೆ, ಶತ್ರು ಹಡಗು ಹಿಡಿದ್ರೆ ಅದರ ಬೆಲೇನ ಪಾಲು ಮಾಡ್ತಿದ್ರು, ಕ್ಯಾಪ್ಟನ್‌ಗೆ ದೊಡ್ಡ ಪಾಲು. ಹಡಗು ಸಿಗಬೇಕು, ಶತ್ರು ಸಿಗಬೇಕು, ಗೆಲ್ಲಬೇಕು, ಬದುಕಿ ಬರಬೇಕು. ವೆಂಟ್‌ವರ್ತ್‌ಗೆ ಎಲ್ಲಾನೂ ಕೂಡಿಬಂತು, ಎಂಟು ವರ್ಷದಲ್ಲಿ 25,000 ಪೌಂಡ್ ಒಡೆಯ ಆದ. ಕೂಡಿಬರದೇ ಇದ್ದಿದ್ರೆ? 19 ವರ್ಷದ ಮಗಳು ಇಂಥ ಒಬ್ಬ ಹುಡುಗನ್ನ ತೋರಿಸಿದ್ರೆ ಇಲ್ಲಿ ಕೂತಿರೋ ನಿಮ್ಮಲ್ಲಿ ಎಷ್ಟು ಜನ ಸರಿ ಅಂತೀರಿ, ಕೈ ಎತ್ತೋದು ಬೇಡ, ಮನಸ್ಸಲ್ಲೇ ಹೇಳ್ಕೊಳ್ಳಿ.

ನಾನು ಇದನ್ನ ಮೊದಲು ಓದಿದ್ದು ಬಿಎ ಓದೋವಾಗ. ಆಗ ನನಗೂ ಹೆಚ್ಚುಕಮ್ಮಿ ಆ್ಯನ್‌ನ ಆ ವಯಸ್ಸೇ, ಲೇಡಿ ರಸೆಲ್ ಮೇಲೆ ಕೆಂಡದಂಥ ಕೋಪ ಬಂದಿತ್ತು. ಕಥೆ ನಿಜಕ್ಕೂ ತಲೆಗೆ ಹತ್ತಿದ್ದು ಎಷ್ಟೋ ವರ್ಷ ಆದ್ಮೇಲೆ, ಊರಲ್ಲಿ, ಅಡಿಕೆ ಸುಲಿಯೋ ಚಪ್ಪರದಡಿ. ನಮ್ಮ ಮಲೆನಾಡಲ್ಲಿ ಈಗ ಸುಲಿಯೋಕೆ ಮಷಿನ್ ಬಂದಿದೆ, ಆಗ ಕೊಯ್ಲಿನ ಕಾಲಕ್ಕೆ ರಾತ್ರಿ ಊಟ ಆದ್ಮೇಲೆ ಮನೆಯೋರು, ಅಕ್ಕಪಕ್ಕದೋರು ಎಲ್ಲ ಮೆಟ್ಟುಗತ್ತಿ ಮುಂದೆ ಕೂರ್ತಿದ್ರು, ಹನ್ನೊಂದು ಹನ್ನೆರಡು ಗಂಟೆ ತನಕ ಕಟ್ ಕಟ್ ಅಂತ ಕಾಯಿ ಒಡೆಯೋ ಸದ್ದು, ಚೊಗರಿಂದ ಕೈಯೆಲ್ಲ ಕಪ್ಪು, ನಿದ್ದೆ ಬರದ ಹಾಗೆ ಯಾರಾದ್ರೂ ಕಥೆ ಹೇಳ್ತಿರಬೇಕು. ಒಂದು ವರ್ಷ ನಾನು ಈ ಕಾದಂಬರೀನ ಕನ್ನಡದಲ್ಲಿ ಹೇಳೋಕೆ ಶುರು ಮಾಡ್ದೆ, ಐದಾರು ರಾತ್ರಿ ಎಳೀತು. ಇಸವಿ ಪ್ರಕಾರ ಹೇಳ್ತಿದ್ದೆ, ಆರನೇ ಇಸವೀಲಿ ಬಿಟ್ಟು ಹೋದ, ಎಂಟನೇ ಇಸವಿ ಹೊತ್ತಿಗೆ ಕೈಲಿ ನಾಲ್ಕು ಕಾಸಾಗಿತ್ತು, ಒಳ್ಳೆ ಹಡಗೂ ಸಿಕ್ಕಿತ್ತು, ಅಂತ ಹೇಳಿ ಮುಂದೆ ಹೋಗ್ತಿದ್ದೆ. ಸೋದರತ್ತೆ ತಡೆದ್ರು. “ನಿಲ್ಸು. ಎರಡೇ ವರ್ಷಕ್ಕೆ ದುಡ್ಡು ಮಾಡ್ಕೊಂಡು ಬಂದ್ನಲ್ಲ, ಆವಾಗ ಆ ಹುಡುಗಿಗೆ ಒಂದು ಕಾಗದ ಹಾಕಕ್ಕೆ ಏನಾಗಿತ್ತು ಅವ್ನಿಗೆ?”

ನಾನು ಮೂರು ಸಲ ಓದಿದ್ದ ಪುಸ್ತಕ, ಆ ಪ್ರಶ್ನೆ ಅದರ ಕೊನೇಲಿ ಇದೆ, ವೆಂಟ್‌ವರ್ತ್ ಬಾಯಲ್ಲೇ ಬರುತ್ತೆ, ಮೂರು ಸಲಾನೂ ಅದರ ಮೇಲೆ ಕಣ್ಣು ನಿಂತಿರ್ಲಿಲ್ಲ. ಎಲ್ಲ ಸರಿಹೋಗಿ ಇಬ್ರೂ ಮಾತಾಡೋವಾಗ ಅವನು ಕೇಳ್ತಾನೆ, ಎಂಟನೇ ಇಸವೀಲಿ ನಾನು ಬರೆದಿದ್ರೆ ಉತ್ತರ ಕೊಡ್ತಿದ್ಯಾ, ಮತ್ತೆ ಒಪ್ಕೊಳ್ತಿದ್ಯಾ ಅಂತ. ಅವಳ ಉತ್ತರ ಎರಡೇ ಶಬ್ದ, ಕೊಡದೇ ಇರ್ತಿದ್ನಾ ಅನ್ನೋ ಧಾಟಿ. ಆಗ ಅವನಿಗೆ ಅರ್ಥ ಆಗುತ್ತೆ, ಬರೀಬೇಕು ಅಂತ ಅನ್ನಿಸಿತ್ತು, ಅಭಿಮಾನ ಬಿಡ್ಲಿಲ್ಲ, ಆರು ವರ್ಷದ ನೋವು ಇಬ್ರಿಗೂ ತಪ್ಪುತ್ತಿತ್ತು. ಇಷ್ಟು ದಿನ ಅವನು ಕ್ಷಮಿಸೋಕಾಗ್ತಿಲ್ಲ ಅಂತ ಲೇಡಿ ರಸೆಲ್ ಕಡೆ ಬೆರಳು ಮಾಡ್ತಿದ್ದ, ಅವರಿಗಿಂತ ದೊಡ್ಡ ಶತ್ರು ನಾನೇ ಇದ್ನಲ್ಲ ಅಂತ ಅವನೇ ಹೇಳ್ತಾನೆ. ಈಗ ಎಂಟು ವರ್ಷದ ಲೆಕ್ಕ ಬಿಡಿಸಿ ನೋಡಿ. ಎರಡು ವರ್ಷ ಹಿರಿಯರ ಮಾತಿಗೆ ಹೋಯ್ತು. ಆರು ವರ್ಷ ಅವನ ಅಭಿಮಾನಕ್ಕೆ ಹೋಯ್ತು. ಇಷ್ಟು ನಿಷ್ಠುರವಾಗಿ ತನ್ನ ನಾಯಕನ ಖಾತೆಗೆ ಹೆಚ್ಚಿನ ಪಾಲು ಬರೆದ ಪ್ರೇಮಕಥೆ ನಾನು ಇನ್ನೊಂದು ಕಂಡಿಲ್ಲ. ಅದೂ ಅವನನ್ನ ಪೂರ್ತಿ ಪ್ರೀತಿಸ್ತಾನೇ ಬರೆದಿದ್ದಾರೆ.

ಹಾಗಾದ್ರೆ ಆ ಅಭಿಮಾನ ಕರಗೋದು ಹೇಗೆ? ನನಗೆ ಇಡೀ ಪುಸ್ತಕದಲ್ಲಿ ಅತಿ ಹತ್ತಿರದ ಪುಟ ಅದು, ಒಂಬತ್ತನೇ ಅಧ್ಯಾಯ. ತಂಗಿಯ ದೊಡ್ಡ ಮಗ ಬಿದ್ದು ಹೆಗಲ ಮೂಳೆ ಜರುಗಿಸ್ಕೊಂಡು ಸೋಫಾ ಮೇಲೆ ಮಲಗಿದ್ದಾನೆ, ಆ್ಯನ್ ಮಂಡಿಯೂರಿ ಅವನ ಆರೈಕೆ ಮಾಡ್ತಿದ್ದಾಳೆ. ಎರಡು ವರ್ಷದ ಇನ್ನೊಬ್ಬ ತುಂಟ ಹಿಂದಿನಿಂದ ಬಂದು ಬೆನ್ನೇರಿ ಕುತ್ತಿಗೆಗೆ ಜೋತುಬೀಳ್ತಾನೆ. ಇಳಿಯೋ ಅಂದ್ರೆ ಇಳಿಯಲ್ಲ, ಇನ್ನೂ ಗಟ್ಟಿ ಹಿಡೀತಾನೆ, ಅವಳು ಬಗ್ಗಿದಲ್ಲೇ ಸಿಕ್ಕಿಹಾಕ್ಕೊಂಡಿದ್ದಾಳೆ. ಅಲ್ಲೇ ಪೇಪರ್ ಓದ್ತಾ ಕೂತ ಒಬ್ಬ, ಅತ್ತಕಡೆಯಿಂದಲೇ ಏ ಇಳಿಯೋ, ಬಾ ಇಲ್ಲಿ ಅಂತಾನೆ, ಏಳಲ್ಲ. ಇದ್ದಕ್ಕಿದ್ದ ಹಾಗೆ ಕುತ್ತಿಗೆ ಸುತ್ತ ಇದ್ದ ಪುಟ್ಟ ಕೈ ಸಡಿಲಾಗುತ್ತೆ, ಬೆನ್ನ ಮೇಲಿನ ಭಾರ ಹೋಗುತ್ತೆ. ಮಗೂನ ಎತ್ಕೊಂಡು ಹೋಗಿದ್ದು ವೆಂಟ್‌ವರ್ತ್ ಅಂತ ಅವಳಿಗೆ ಗೊತ್ತಾಗೋ ಹೊತ್ತಿಗೆ ಕೆಲಸ ಮುಗಿದಿದೆ. ಥ್ಯಾಂಕ್ಸ್ ಹೇಳೋಕೂ ಬಾಯಿ ಬರಲ್ಲ. ಅವನೋ, ಅವಳ ಥ್ಯಾಂಕ್ಸ್ ಕಿವಿಗೆ ಬೀಳಬಾರದು ಅಂತ್ಲೇ ಮಗು ಜೊತೆ ಗಲಾಟೆ ಮಾಡ್ತಾ ನಿಲ್ತಾನೆ.

ಒಂದು ಮಾತಿಲ್ಲ, ಅವನ ಮುಖದ ವರ್ಣನೆ ಕೂಡ ಇಲ್ಲ. ಅವಳು ಬಗ್ಗಿರೋದ್ರಿಂದ ಅವಳಿಗೆ ಕಾಣಲ್ಲ, ಅವಳಿಗೆ ಕಾಣದ್ದು ನಮಗೂ ಕಾಣಲ್ಲ. ಇದೇ ಆಸ್ಟೆನ್ ಅವರ ದೊಡ್ಡ ವಿದ್ಯೆ, ಕಥೆ ಹೇಳೋ ದನಿ ಲೇಖಕಿಯದ್ದೇ ಇರುತ್ತೆ, ಆದ್ರೆ ಒಳಗೆ ಹರಿಯೋದು ಆ್ಯನ್‌ನ ಮನಸ್ಸು. ಹಾಗಾಗಿ ಅವನ ಮನಸ್ಸಲ್ಲೇನಿದೆ ಅಂತ ನಾವೂ ಅವಳ ಥರಾನೇ ಸಣ್ಣ ಸಣ್ಣ ಕುರುಹು ಹೆಕ್ಕಬೇಕು. ಮುಂದಿನ ಅಧ್ಯಾಯದಲ್ಲಿ ಎಲ್ಲರೂ ದೂರ ನಡೆದು ಹೋಗಿರ್ತಾರೆ, ಬೇಲಿ ಆಚೆ ಲೂಯಿಸಾ ಅನ್ನೋ ಹುಡುಗಿ, ಆ್ಯನ್‌ನ ತಂಗಿ ಗಂಡನ ತಂಗಿ, ಅವನಿಗೆ ಹೇಳ್ತಾಳೆ, ನಮ್ಮಣ್ಣ ಮೊದಲು ಆ್ಯನ್‌ನೇ ಕೇಳಿದ್ದ, ಅವಳು ಬೇಡ ಅಂದ್ಲು ಅಂತ. ಅವನು ಒಂದು ಗಳಿಗೆ ಸುಮ್ಮನಿದ್ದು ಕೇಳ್ತಾನೆ, “ಯಾವಾಗ?” ಬೇಲಿ ಈಚೆ ಇದ್ದ ಆ್ಯನ್‌ಗೆ ಕೇಳಿಸುತ್ತೆ. ಆ ಒಂದು ‘ಯಾವಾಗ’ ಹಿಡ್ಕೊಂಡು ನಾನು ಕ್ಲಾಸಲ್ಲಿ ಒಂದಿಡೀ ಗಂಟೆ ಪಾಠ ಮಾಡಿದ್ದಿದೆ. ಅವನೂ ಲೆಕ್ಕ ಹಾಕ್ತಿದ್ದಾನೆ, ನನ್ನ ನಂತರವಾ ಅಂತ. ಅವತ್ತು ವಾಪಸ್ ಬರೋವಾಗ ಅವಳು ಸುಸ್ತಾಗಿರೋದು ಅವನ ಕಣ್ಣಿಗೆ ಬೀಳುತ್ತೆ, ಅಕ್ಕನ ಗಾಡಿ ನಿಲ್ಲಿಸಿ, ಮಾತೇ ಆಡದೆ ಕೈಹಿಡಿದು ಹತ್ತಿಸಿಬಿಡ್ತಾನೆ.

ಲೈಮ್ ಅನ್ನೋ ಸಮುದ್ರದಂಡೆ ಊರಲ್ಲಿ ಲೂಯಿಸಾ ಕಲ್ಲುಕಟ್ಟೆ ಮೆಟ್ಟಿಲಿಂದ ಹಾರಿ ಬೀಳೋದು, ಬಾತ್ ಊರಿನ ಸಂಗೀತ ಕಚೇರಿ, ಆಸ್ತಿ ಮೇಲೆ ಕಣ್ಣಿಟ್ಟ ಸೋದರಸಂಬಂಧಿ, ಇದೆಲ್ಲ ನೀವೇ ಓದ್ಕೊಳ್ಳಿ. ನಾನು ನೇರ ಕಾಗದಕ್ಕೆ ಬರ್ತೀನಿ. ಬಾತ್‌ನ ವೈಟ್ ಹಾರ್ಟ್ ಹೋಟೆಲಿನ ರೂಮು, ವೆಂಟ್‌ವರ್ತ್ ಟೇಬಲ್ ಮುಂದೆ ಏನೋ ಪತ್ರ ಬರೀತಿದ್ದಾನೆ. ಕಿಟಕಿ ಹತ್ರ ಅವನ ಗೆಳೆಯ ಹಾರ್ವಿಲ್ ಮತ್ತೆ ಆ್ಯನ್, ಗಂಡಸು ಬೇಗ ಮರೀತಾನಾ ಹೆಂಗಸಾ ಅಂತ ಮಾತು. ಪುಸ್ತಕಗಳೆಲ್ಲ ಹೆಂಗಸಿನ ಚಂಚಲತೆ ಬಗ್ಗೆ ಹೇಳುತ್ವೆ ಅಂತ ಹಾರ್ವಿಲ್ ಅಂದ್ರೆ, ಪುಸ್ತಕದ ಮಾತು ಬೇಡ, ಲೇಖನಿ ಯಾವತ್ತೂ ಗಂಡಸರ ಕೈಲೇ ಇತ್ತಲ್ಲ ಅಂತಾಳೆ ಆ್ಯನ್. ಆ ಹೊತ್ತಿಗೆ ಅತ್ತ ವೆಂಟ್‌ವರ್ತ್ ಕೈಯಿಂದ ಲೇಖನಿ ಕೆಳಗೆ ಬಿದ್ದಿರುತ್ತೆ, ಕೇಳಿಸ್ಕೊಳ್ತಿದ್ದಾನೆ. ಎದ್ದು ಹೋಗ್ತಾನೆ, ಕೈಗವಸು ಮರೆತೆ ಅಂತ ವಾಪಸ್ ಬರ್ತಾನೆ, ಚೆಲ್ಲಾಡಿದ್ದ ಹಾಳೆಗಳಡಿಯಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟು ಹೊರಟುಹೋಗ್ತಾನೆ. ಎಂಟನೇ ಇಸವೀಲಿ ಬರೀಬೇಕಿದ್ದ ಕಾಗದ ಅದು. ಎಂಟೂವರೆ ವರ್ಷದ ಹಿಂದೆ ನೀನು ಹೆಚ್ಚುಕಮ್ಮಿ ಒಡೆದೇಬಿಟ್ಟ ಮನಸ್ಸು ಅವತ್ತಿಗಿಂತ ಹೆಚ್ಚಾಗಿ ಇವತ್ತು ನಿನ್ನದು, ಗಂಡಸು ಬೇಗ ಮರೀತಾನೆ ಅಂತ ಮಾತ್ರ ಹೇಳಬೇಡ, ಅಂತ ಇರುತ್ತೆ ಅದರಲ್ಲಿ.

ಈ ದೃಶ್ಯ ಮೊದಲು ಇರ್ಲೇ ಇಲ್ಲ, ಗೊತ್ತಾ ನಿಮಗೆ? 1816ರ ಜುಲೈ 18ಕ್ಕೆ ಆಸ್ಟೆನ್ ಕಾದಂಬರಿ ಮುಗೀತು ಅಂತ ತಾರೀಖು ಹಾಕಿದ್ರು. ಅದರಲ್ಲಿ ಆ ಬಾಡಿಗೆಮನೆ ಅಡ್ಮಿರಲ್, ವೆಂಟ್‌ವರ್ತ್‌ನ ಕೈಲಿ ಆ್ಯನ್‌ಗೆ ಕೇಳಿಸ್ತಾನೆ, ನೀವು ಆ ಸೋದರಸಂಬಂಧೀನ ಮದುವೆ ಆಗ್ತೀರಂತೆ, ಮನೆ ಬಿಟ್ಕೊಡಬೇಕಾ ಅಂತ, ಅವಳು ಇಲ್ಲ ಅಂತಾಳೆ, ಒಂದಾಗ್ತಾರೆ. ಆರೋಗ್ಯ ಕೆಡ್ತಿತ್ತು, ಆದ್ರೂ ಈ ಕೊನೆ ಸಪ್ಪೆ ಆಯ್ತು ಅಂತ ಅವರಿಗೆ ಸಮಾಧಾನ ಇರ್ಲಿಲ್ಲ. ಮತ್ತೆ ಕೂತು ಬರೆದ್ರು, ಆಗಸ್ಟ್ 6ಕ್ಕೆ ಮುಗೀತು. ಮೊದಲು ಬರೆದ ಆ ಕೊನೆಯ ಎರಡು ಅಧ್ಯಾಯದ ಹಸ್ತಪ್ರತಿ ಬ್ರಿಟಿಷ್ ಲೈಬ್ರರೀಲಿದೆ, ಅವರು ಮುಗಿಸಿ ಅಚ್ಚಾದ ಕಾದಂಬರಿಗಳಲ್ಲಿ ಅವರ ಕೈಬರಹ ಉಳಿದಿರೋದು ಅದೊಂದೇ. ಮೊದಲ ಸಲ ಮುಗೀತು ಅಂತ ಬರೆದ ದಿನಕ್ಕೆ ಸರಿಯಾಗಿ ಒಂದು ವರ್ಷಕ್ಕೆ, 1817ರ ಜುಲೈ 18ಕ್ಕೆ, ಅವರು ತೀರಿಕೊಂಡಿದ್ದು. ಆ ಮೂರು ವಾರ ಅವರು ಸುಮ್ಮನಿದ್ದಿದ್ರೆ ಈ ಕಾಗದ ನಮಗೆ ಸಿಗ್ತಾನೇ ಇರ್ಲಿಲ್ಲ ಅಂತ ನೆನೆಸ್ಕೊಂಡ್ರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಇನ್ನು ಲೇಡಿ ರಸೆಲ್ ಬಗ್ಗೆ ಆ್ಯನ್‌ನ ತೀರ್ಪು. ಅವರು ಕೊಟ್ಟ ಬುದ್ಧಿಮಾತು ತಪ್ಪೇ ಇರಬಹುದು, ನಾನಂತೂ ಯಾರಿಗೂ ಅಂಥ ಮಾತು ಹೇಳಲ್ಲ, ಆದ್ರೆ ತಾಯಿ ಸ್ಥಾನದಲ್ಲಿದ್ದೋರ ಮಾತು ಕೇಳಿದ್ದು ತಪ್ಪಲ್ಲ, ಕೇಳದೇ ಹೋಗಿದ್ರೆ ನನ್ನ ಮನಸ್ಸಾಕ್ಷೀನೇ ನನ್ನನ್ನ ಬಿಡ್ತಿರ್ಲಿಲ್ಲ ಅಂತಾಳೆ. ಇಷ್ಟು ಕಷ್ಟಪಟ್ಟ ಮೇಲೂ. ಇದನ್ನ ಒಪ್ಪೋದು ಬಿಡೋದು ನಿಮಗೆ ಸೇರಿದ್ದು, ನಾನು ವರ್ಷಕ್ಕೊಂದು ಥರ ಯೋಚಿಸ್ತೀನಿ. ಅಡಿಕೆ ಚಪ್ಪರದಡಿ ಇದನ್ನ ಹೇಳಿದಾಗ ಅತ್ತೆ, “ಆ ಹುಡುಗಿ ಹಂಗಂದ್ಲಾ?” ಅಂದ್ರು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ನಿಜಕ್ಕೂ ಹಂಗೇ ಬರ್ದಿದ್ಯಾ ಪುಸ್ತಕ್ದಲ್ಲಿ?” ಅಂದ್ರು. ಬಹಳ ಹಿಂದೆ ನಮ್ಮ ಬಳಗದ ಒಬ್ಬ ಹುಡುಗಿಗೆ ಈ ಸಂಬಂಧ ಬೇಡ ಅಂತ ಹೇಳಿ ನಿಲ್ಲಿಸಿದ್ದು ಅತ್ತೇನೇ ಅಂತ ನನಗೆ ಗೊತ್ತಿತ್ತು, ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಯಾರೂ ಏನೂ ಮಾತಾಡ್ಲಿಲ್ಲ, ಕತ್ತಿ ಸದ್ದು ಮಾತ್ರ.

ಓದೋಕೆ ಶುರು ಮಾಡೋರಿಗೆ ಒಂದು ಮಾತು. ಇಂಗ್ಲಿಷ್ ಮೂಲ ಪ್ರಾಜೆಕ್ಟ್ ಗುಟನ್‌ಬರ್ಗ್ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮೊದಲ ಮೂರು ಅಧ್ಯಾಯ ಅಪ್ಪನ ಸಾಲ, ಮನೆ ಬಾಡಿಗೆ ಇದರಲ್ಲೇ ಕಳೆಯುತ್ತೆ, ಬೇಜಾರಾಗಿ ಬಿಡಬೇಡಿ, ನಾಲ್ಕನೇದು 1806ಕ್ಕೆ ಕರ್ಕೊಂಡು ಹೋಗುತ್ತೆ. 23ನೇ ಅಧ್ಯಾಯ ಬಂದಾಗ ಮನೇಲಿ ಯಾರಾದ್ರೂ ಇದ್ರೆ ಆ ಕಾಗದಾನ ಜೋರಾಗಿ ಓದಿ ಹೇಳಿ. ನಾನು ಅವತ್ತು ಕನ್ನಡಕ್ಕೆ ತಿರುಗಿಸ್ತಾ ತಿರುಗಿಸ್ತಾ ಓದಿದ್ದೆ. ಅತ್ತೆ ಎರಡು ಸಲ ಓದಿಸಿದ್ರು, ಎರಡ್ನೇ ಸಲ ಓದೋವಾಗ ಅವರ ಕೈ ಕತ್ತಿ ಮುಂದೆ ಹಾಗೇ ನಿಂತಿತ್ತು, ಬೊಗಸೇಲಿ ಸುಲಿಯದ ಕಾಯಿ.